‘ಒಂದೇ ಒಂದು ಕಾಲಂ ಸೇರಿಸಿ ಕೊಡಿ’: ಒಳಬಳಕೆಯ ಟೂಲ್‌ಗಳಿಗೆ ಮಿತಿ ಹಾಕುವುದು ಹೇಗೆ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಕಂಪನಿಯ ಒಳಹೊಕ್ಕರೂ ಗಿರಾಕಿಗಳ ಕಣ್ಣಿಗೆ ಎಂದೂ ಬೀಳದ ಒಂದಷ್ಟು ಸಾಫ್ಟ್‌ವೇರ್ ಇದ್ದೇ ಇರುತ್ತದೆ. ರಾತ್ರಿ ಪಾಳಿಯವರಿಗೆ ಕ್ಯಾಬ್ ಗೊತ್ತುಮಾಡುವುದು, ರಜೆಯ ಲೆಕ್ಕ ಇಡುವುದು, ಯಾವ ಲ್ಯಾಪ್‌ಟಾಪ್ ಯಾರ ಕೈಯಲ್ಲಿದೆ ಎಂದು ಬರೆದಿಡುವುದು, ಬಿಲ್ ಪಾಸು ಮಾಡುವುದು, ಹೀಗೆ ಕಂಪನಿ ತನಗಾಗಿ ತಾನೇ ಕಟ್ಟಿಕೊಂಡ ಟೂಲ್‌ಗಳು. ನೋಡಿಕೊಳ್ಳುವ ತಂಡದಲ್ಲಿ ನಾಲ್ಕೈದು ಜನ, ಬಳಸುವವರು ಸಾವಿರದ ಲೆಕ್ಕದಲ್ಲಿ. ಮಾರಾಟದ ಸಾಫ್ಟ್‌ವೇರ್ ಮಾಡುವವರಿಗಾದರೆ ಒಂದು ರಕ್ಷಣೆ ಇದೆ. ಹೊಸದೇನಾದರೂ ಬೇಕೆಂದ ಗಿರಾಕಿ ದುಡ್ಡು ಕೊಡಬೇಕು, ಇಲ್ಲವೇ ಬೇರೆ ಅಂಗಡಿ ನೋಡಿಕೊಳ್ಳಬೇಕು. ಒಳಬಳಕೆಯ ಟೂಲ್‌ಗೆ ಈ ಎರಡೂ ಇಲ್ಲ. ಕೇಳುವವರಿಗೆ ಕಾಸಿನ ಖರ್ಚಿಲ್ಲ, ಬಿಟ್ಟುಹೋಗಲು ದಾರಿಯೂ ಇಲ್ಲ. ಹಾಗಾಗಿ ಕೋರಿಕೆಗಳು ಬರುತ್ತಲೇ ಇರುತ್ತವೆ.

ಬಂದದ್ದರಲ್ಲಿ ಯಾವುದನ್ನು ಮಾಡಿಕೊಡಬೇಕು, ಯಾವುದನ್ನು ಆಗುವುದಿಲ್ಲ ಎನ್ನಬೇಕು, ಹಾಗೆನ್ನುವ ಅಧಿಕಾರ ಯಾರಿಗಿರಬೇಕು ಎಂಬ ಪ್ರಶ್ನೆ ಕಂಪ್ಯೂಟರ್ ಕಚೇರಿಗೆ ಕಾಲಿಟ್ಟಂದಿನಿಂದ ಇದೆ. ಉತ್ತರಗಳೂ ಬೇಕಾದಷ್ಟಿವೆ. ಸರದಿಯನ್ನು ಹತೋಟಿಯಲ್ಲಿಡಿ ಎನ್ನುವವರಿದ್ದಾರೆ, ಮುಲಾಜಿಲ್ಲದೆ ಬೇಡ ಎನ್ನಿ ಎನ್ನುವವರಿದ್ದಾರೆ, ಬೇಕಾದವರೇ ಮಾಡಿಕೊಳ್ಳಲಿ ಎನ್ನುವವರಿದ್ದಾರೆ, ಟೂಲ್‌ಗೆ ತಕ್ಕಂತೆ ಕಂಪನಿಯೇ ಬದಲಾಗಲಿ ಎನ್ನುವವರೂ ಇದ್ದಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ ಎಂದು ತೇಲಿಸಿಬಿಡುವುದು ಸುಲಭ. ಅದಕ್ಕಿಂತ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿ ನೋಡುವುದು ಮೇಲು: ತಂಡ ಮಾಡುವುದಿಲ್ಲ ಎಂದ ಕೆಲಸ ಆಮೇಲೆ ಎಲ್ಲಿಗೆ ಹೋಯಿತು? ಕೋರಿಕೆಯ ಟಿಕೆಟ್ ಮುಚ್ಚಿದ ಮಾತ್ರಕ್ಕೆ ಅದರ ಹಿಂದಿನ ಅಗತ್ಯ ತೀರುವುದಿಲ್ಲ. ಅದು ಯಾರದೋ ಎಕ್ಸೆಲ್ ಶೀಟಿಗೋ, ವಾಟ್ಸ್‌ಆ್ಯಪ್ ಗುಂಪಿಗೋ, ಮನೆಗೆ ಹೊರಡಬೇಕಾದ ಗುಮಾಸ್ತರೊಬ್ಬರ ಸಂಜೆಗೋ ಹೋಗಿ ಸೇರುತ್ತದೆ.

ಐದು ನಿಮಿಷದ ಕೆಲಸದ ಒಳಗೆ

ಒಂದು ಕೋರಿಕೆಯನ್ನು ಬಿಚ್ಚಿ ನೋಡೋಣ. ಕ್ಯಾಬ್ ಟೂಲ್ ಬಳಸುವ ಟ್ರಾನ್ಸ್‌ಪೋರ್ಟ್ ಡೆಸ್ಕ್‌ನವರು ಹೀಗೆ ಕೇಳುತ್ತಾರೆ ಎಂದಿಟ್ಟುಕೊಳ್ಳಿ: “ಸರ್, ಪಿಕಪ್ ಲಿಸ್ಟ್‌ನಲ್ಲಿ ಲ್ಯಾಂಡ್‌ಮಾರ್ಕ್ ಅಂತ ಒಂದೇ ಒಂದು ಕಾಲಂ ಸೇರಿಸಿ ಕೊಡಿ. ಡ್ರೈವರ್‌ಗಳು ಮನೆ ಹುಡುಕೋಕೆ ಒದ್ದಾಡ್ತಾರೆ. ಐದು ನಿಮಿಷದ ಕೆಲಸ ಅಲ್ವಾ?”

ಡೇಟಾಬೇಸ್‌ನಲ್ಲಿ ಕಾಲಂ ಸೇರಿಸಲು ನಿಜಕ್ಕೂ ಐದು ನಿಮಿಷ ಸಾಕು. ಆದರೆ ಈಗಾಗಲೇ ಪಟ್ಟಿಯಲ್ಲಿರುವ ಉದ್ಯೋಗಿಗಳ ಲ್ಯಾಂಡ್‌ಮಾರ್ಕ್ ತುಂಬುವವರು ಯಾರು? ಅವರವರೇ ತುಂಬಲಿ ಎಂದರೆ ಅವರಿಗೊಂದು ಪರದೆ ಬೇಕು, ಬದಲಾಯಿಸುವ ಅನುಮತಿ ಬೇಕು, ಮನೆ ಬದಲಿಸಿದಾಗ ನೆನಪಿಸುವ ಮೇಲ್ ಬೇಕು. ಡೆಸ್ಕ್‌ನವರೇ ತುಂಬಲಿ ಎಂದರೆ ಅವರು ಎಕ್ಸೆಲ್‌ನಿಂದ ಒಟ್ಟಿಗೆ ಅಪ್‌ಲೋಡ್ ಮಾಡುವ ಸೌಲಭ್ಯ ಕೇಳುತ್ತಾರೆ. ರಾತ್ರಿ ಪಾಳಿಯ ಹೆಣ್ಣುಮಗಳೊಬ್ಬಳ ಮನೆ ಯಾವ ದೇವಸ್ಥಾನದ ಹಿಂದಿನ ಎಷ್ಟನೇ ಗೇಟು ಎಂಬುದು ಯಾರು ಬೇಕಾದರೂ ನೋಡುವ ಮಾಹಿತಿಯಲ್ಲ, ಅದಕ್ಕೆ ಬೇರೆ ಕಟ್ಟುಪಾಡು ಬೇಕು. ಡ್ರೈವರ್‌ಗೆ ಕನ್ನಡದಲ್ಲಿ ಬೇಕು, ಫಾರಂ ಇಂಗ್ಲಿಷ್ ಮಾತ್ರ ಒಪ್ಪುತ್ತದೆ. ಕನ್ನಡ ಒಪ್ಪುವಂತೆ ಮಾಡಿದರೆ ಟ್ರಿಪ್ ಶೀಟಿನ ಪಿಡಿಎಫ್‌ನಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಇದಾದ ಮೇಲೆ ನಿಜವಾದ ಅಪಾಯ ಬರುತ್ತದೆ. ಪ್ರತಿ ಸಂಜೆ ಈ ಪಟ್ಟಿ ಕ್ಯಾಬ್ ಪೂರೈಸುವ ಏಜೆನ್ಸಿಗೆ ಫೈಲ್ ಆಗಿ ಹೋಗುತ್ತದೆ. ಅವರ ಪ್ರೋಗ್ರಾಂ ಕಾಲಂನ ಹೆಸರು ನೋಡುವುದಿಲ್ಲ, ಏಳನೆಯದು ಫೋನ್ ನಂಬರ್ ಎಂದು ಎಣಿಸಿಕೊಂಡಿದೆ. ನಡುವೆ ಒಂದು ಕಾಲಂ ಸೇರಿದ ರಾತ್ರಿ ಡ್ರೈವರ್‌ನ ಮೊಬೈಲ್‌ನಲ್ಲಿ ಫೋನ್ ನಂಬರ್ ಇರಬೇಕಾದ ಕಡೆ ‘ರಾಮಮಂದಿರದ ಹತ್ತಿರ’ ಎಂದು ಬರುತ್ತದೆ. ಅದೇ ಫೈಲನ್ನು ಫೈನಾನ್ಸ್‌ನವರ ತಿಂಗಳ ಕೊನೆಯ ಮ್ಯಾಕ್ರೋ ಕೂಡ ಓದುತ್ತಿದೆ, ಇದು ತಂಡಕ್ಕೆ ಗೊತ್ತೇ ಇಲ್ಲ.

ಬಳಸುವವರು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಒಂದು ವ್ಯವಸ್ಥೆಯ ಕಣ್ಣಿಗೆ ಕಾಣುವ ಪ್ರತಿಯೊಂದು ನಡವಳಿಕೆಯ ಮೇಲೂ ಯಾರೋ ಒಬ್ಬರು ಅವಲಂಬಿತರಾಗಿರುತ್ತಾರೆ ಎಂಬ ಮಾತು ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಹೆಸರಿನಲ್ಲಿ ‘ಹೈರಮ್‌ನ ನಿಯಮ’ ಎಂದೇ ಚಾಲ್ತಿಯಲ್ಲಿದೆ. ತಂಡ ಅಂಜುವುದು ಇದಕ್ಕೇ. ಹಾಗೆಂದು ಕೇಳಿದವರದು ತಪ್ಪೇ? ಡ್ರೈವರ್‌ಗಳು ಒದ್ದಾಡುತ್ತಿರುವುದು ಸುಳ್ಳಲ್ಲ. ಈ ಚರ್ಚೆಯಲ್ಲಿ ಸೋಮಾರಿಗಳಾಗಲಿ ಖಳನಾಯಕರಾಗಲಿ ಸಿಗುವುದು ಅಪರೂಪ. ಅದಕ್ಕೇ ಇದು ಐವತ್ತು ವರ್ಷವಾದರೂ ಮುಗಿದಿಲ್ಲ.

ಬ್ಯಾಕ್‌ಲಾಗ್‌ನ ಹುಟ್ಟು

ಐಬಿಎಂನ ಓಎಸ್/360 ಯೋಜನೆಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕ ತಂದರು. ತಡವಾದ ಯೋಜನೆಗೆ ಜನರನ್ನು ತುಂಬಿದರೆ ಇನ್ನಷ್ಟು ತಡ ಎಂಬ ಮಾತನ್ನೇ ಎಲ್ಲರೂ ಹೇಳುತ್ತಾರೆ. ನಮ್ಮ ವಿಷಯಕ್ಕೆ ಅದೇ ಪುಸ್ತಕದ ಇನ್ನೊಂದು ಅಂದಾಜು ಹೆಚ್ಚು ಮುಖ್ಯ. ಒಬ್ಬ ತನ್ನ ಮಟ್ಟಿಗೆ ಬರೆದುಕೊಂಡ ಪ್ರೋಗ್ರಾಂ ಒಂದು ಪಾಲು ಕೆಲಸವಾದರೆ, ಅದನ್ನು ಬೇರೆಯವರು ಬಳಸುವಂತೆ ಮಾಡಲು ಮೂರು ಪಾಲು, ಬೇರೆ ಪ್ರೋಗ್ರಾಂಗಳ ಜೊತೆ ಹೊಂದಿಸಲು ಮೂರು ಪಾಲು, ಎರಡೂ ಬೇಕೆಂದರೆ ಒಂಬತ್ತು ಪಾಲು. ಕೇಳುವವರು ಒಂದು ಪಾಲನ್ನು ಕಾಣುತ್ತಾರೆ, ಮಾಡುವವರ ಕಣ್ಣಲ್ಲಿರುವುದು ಒಂಬತ್ತು. ‘ಐದು ನಿಮಿಷದ’ ಜಗಳ ಶುರುವಾಗುವುದೇ ಈ ಅಂತರದಲ್ಲಿ.

ಅದೇ ದಶಕದಲ್ಲಿ ಮೀರ್ ಲೆಹ್‌ಮನ್, ಲೆಸ್ ಬೆಲಾಡಿ ಜೊತೆಗೂಡಿ, ಓಎಸ್/360ರ ಆವೃತ್ತಿಗಳನ್ನೇ ಅಭ್ಯಾಸ ಮಾಡಿ ಸಾಫ್ಟ್‌ವೇರ್ ವಿಕಾಸದ ನಿಯಮಗಳನ್ನು ಮುಂದಿಟ್ಟರು. ನಿಜಜೀವನದ ಕೆಲಸಕ್ಕೆ ಬಳಕೆಯಾಗುವ ಪ್ರೋಗ್ರಾಂ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ದಿನೇದಿನೇ ಉಪಯೋಗಕ್ಕೆ ಬಾರದಾಗುತ್ತದೆ. ಬದಲಾಗುತ್ತ ಹೋದಂತೆ, ತಡೆಯಲು ಬೇರೆ ಶ್ರಮ ಹಾಕದಿದ್ದರೆ, ಸಿಕ್ಕುಸಿಕ್ಕಾಗುತ್ತದೆ. ಕೋರಿಕೆಗೆ ಮಣಿದರೂ ಕಷ್ಟ, ಮಣಿಯದಿದ್ದರೂ ಕಷ್ಟ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು.

1980ರಲ್ಲಿ ಬೆನೆಟ್ ಲೀಂಟ್ಸ್ ಮತ್ತು ಬರ್ಟನ್ ಸ್ವಾನ್ಸನ್ ಅಮೆರಿಕದ 487 ಸಂಸ್ಥೆಗಳ ಕಂಪ್ಯೂಟರ್ ವಿಭಾಗಗಳ ಸಮೀಕ್ಷೆಯನ್ನು ಪುಸ್ತಕವಾಗಿ ತಂದರು. ಸಾಫ್ಟ್‌ವೇರ್ ನಿರ್ವಹಣೆ ಎಂದರೆ ತಪ್ಪು ತಿದ್ದುವುದು ಎಂದುಕೊಂಡಿದ್ದವರಿಗೆ ಅದು ಆಶ್ಚರ್ಯ ತಂದಿತು. ತಪ್ಪು ತಿದ್ದುವುದಕ್ಕೆ ಹೋಗುತ್ತಿದ್ದದ್ದು ಸುಮಾರು ಐದನೇ ಒಂದು ಪಾಲು. ಅರ್ಧಕ್ಕಿಂತ ಹೆಚ್ಚು ಶ್ರಮ ಸುಧಾರಣೆಗಳಿಗೆ, ಅದರಲ್ಲೂ ಬಳಕೆದಾರರು ಕೇಳಿದ ಸೇರ್ಪಡೆಗಳಿಗೆ ಹೋಗುತ್ತಿತ್ತು.

ಕೋರಿಕೆಗಳು ವರ್ಷಗಟ್ಟಲೆ ಬಾಕಿ ಬಿದ್ದು ‘ಬ್ಯಾಕ್‌ಲಾಗ್’ ಬೆಳೆದದ್ದನ್ನು ನೋಡಿ ಜೇಮ್ಸ್ ಮಾರ್ಟಿನ್ 1980ರ ದಶಕದ ಆರಂಭದಲ್ಲಿ, ಪ್ರೋಗ್ರಾಮರ್‌ಗಳನ್ನು ಬಿಟ್ಟೇ ಅಪ್ಲಿಕೇಷನ್ ಕಟ್ಟುವ ಕಾಲ ಬಂತು ಎಂದು ಪುಸ್ತಕ ಬರೆದರು. ಜನ ಅಷ್ಟರಲ್ಲಾಗಲೇ ತಮ್ಮ ದಾರಿ ಕಂಡುಕೊಂಡಿದ್ದರು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಸ್ಪ್ರೆಡ್‌ಶೀಟ್, ಆಮೇಲೆ ಲೋಟಸ್, ಆಮೇಲೆ ಎಕ್ಸೆಲ್. ಕಂಪ್ಯೂಟರ್ ವಿಭಾಗ ಇಲ್ಲವೆಂದದ್ದನ್ನು ಲೆಕ್ಕಪತ್ರ ವಿಭಾಗದವರು ಕೂತಲ್ಲೇ ಮಾಡಿಕೊಂಡರು. 2001ರ ಅಜೈಲ್ ಪ್ರಣಾಳಿಕೆ ಬದಲಾವಣೆಯನ್ನು, ಅದು ತಡವಾಗಿ ಬಂದರೂ, ಸ್ವಾಗತಿಸಿ ಎಂದಿತು. ಆ ಚಳವಳಿಯ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪಂಥ ಗಿರಾಕಿಯೊಬ್ಬರು ತಂಡದ ಜೊತೆಯಲ್ಲೇ ಕೂರಬೇಕೆಂದು ಬಯಸಿತು. ಒಳಬಳಕೆಯ ಟೂಲ್‌ಗೆ ಗಿರಾಕಿ ಒಬ್ಬರಲ್ಲ, ಹತ್ತು ವಿಭಾಗ. ಆ ಹತ್ತರ ಪರವಾಗಿ ಯಾರನ್ನು ಕೂರಿಸುವುದು ಎಂಬುದಕ್ಕೆ ಅದೇ ಚಳವಳಿಯ ಸ್ಕ್ರಮ್ ಪಂಥ ‘ಪ್ರಾಡಕ್ಟ್ ಓನರ್’ ಎಂಬ ಹುದ್ದೆಯನ್ನು ಕೊಟ್ಟಿತು. ಹುದ್ದೆ ಕೊಟ್ಟಷ್ಟು ಸುಲಭವಾಗಿ ಕಂಪನಿಗಳು ಅಧಿಕಾರ ಕೊಡಲಿಲ್ಲ.

ಸರದಿಯ ಲೆಕ್ಕ

ಮೊದಲ ಪಂಥದವರು ಕೋರಿಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೇ ಹೋಗುವುದಿಲ್ಲ. ಅವರು ಎಣಿಸುತ್ತಾರೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರವೇ ಅವರ ಬುನಾದಿ: ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆ ಎಂದರೆ, ಕೆಲಸ ಬರುವ ವೇಗವನ್ನು ಒಂದೊಂದು ಕೆಲಸ ಬಂದಾಗಿನಿಂದ ಮುಗಿಯುವವರೆಗೆ ಹಿಡಿಯುವ ಸರಾಸರಿ ಸಮಯದಿಂದ ಗುಣಿಸಿದಷ್ಟು. ವಾರಕ್ಕೆ ನಾಲ್ಕು ಮುಗಿಸುವ ತಂಡದ ಮುಂದೆ ಎಂಬತ್ತು ಕೋರಿಕೆ ಕೂತಿದ್ದರೆ, ಇವತ್ತು ಬಂದದ್ದಕ್ಕೆ ಇಪ್ಪತ್ತು ವಾರ ಕಾಯಬೇಕು. ‘ಅರ್ಜೆಂಟ್’ ಎಂದು ಮೇಲ್‌ನಲ್ಲಿ ಕೆಂಪಕ್ಷರದಲ್ಲಿ ಬರೆದರೆ ಒಬ್ಬರದು ಮುಂದೆ ಹೋಗಿ ಇನ್ನೊಬ್ಬರದು ಹಿಂದೆ ಬೀಳುತ್ತದೆ, ಇಪ್ಪತ್ತು ವಾರ ಇಪ್ಪತ್ತೇ.

ಇನ್ನೊಂದು ಲೆಕ್ಕ ಮ್ಯಾನೇಜರ್‌ಗಳಿಗೆ ಅರಗಿಸಿಕೊಳ್ಳಲು ಕಷ್ಟ. ಕೆಲಸ ಹೊತ್ತುಗೊತ್ತಿಲ್ಲದೆ ಬರುತ್ತದೆ, ಮಾಡುವವನು ಒಬ್ಬನೇ ಎಂಬ ಅತಿ ಸರಳ ಮಾದರಿಯಲ್ಲಿ, ಅವನು ಶೇ. 80ರಷ್ಟು ಹೊತ್ತು ಮಗ್ನನಾಗಿದ್ದರೆ ಸರದಿಯ ಕಾಯುವಿಕೆ ಸರಾಸರಿ ಕೆಲಸದ ನಾಲ್ಕು ಪಟ್ಟು. ಶೇ. 90ಕ್ಕೆ ಒಂಬತ್ತು ಪಟ್ಟು, ಶೇ. 95ಕ್ಕೆ ಹತ್ತೊಂಬತ್ತು. ಯಾರೂ ಖಾಲಿ ಕೂರದಂತೆ ನೋಡಿಕೊಳ್ಳುವ ಮ್ಯಾನೇಜರ್ ತನಗೆ ಗೊತ್ತಿಲ್ಲದೆಯೇ ಎಲ್ಲರನ್ನೂ ಕಾಯಿಸುತ್ತಿರುತ್ತಾನೆ.

ಈ ಪಂಥದ ಅತಿ ಪ್ರಸಿದ್ಧ ಪ್ರಸಂಗ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ ಎಂಬುದು ಇಲ್ಲಿನ ಅನೇಕರಿಗೆ ಗೊತ್ತಿಲ್ಲ. ಮೈಕ್ರೋಸಾಫ್ಟ್‌ನ ಸ್ವಂತ ಐಟಿ ವಿಭಾಗದಲ್ಲಿ ಎಕ್ಸ್‌ಐಟಿ ಎಂಬ ಚಿಕ್ಕ ತಂಡವಿತ್ತು. ಕಂಪನಿಯ ಉದ್ಯೋಗಿಗಳು ಬಳಸುವ ಸುಮಾರು ಎಂಬತ್ತು ಒಳ ಅಪ್ಲಿಕೇಷನ್‌ಗಳಿಗೆ ಸಣ್ಣಪುಟ್ಟ ಬದಲಾವಣೆ ಮಾಡಿಕೊಡುವುದು ಅದರ ಕೆಲಸ. ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು. 2004ರ ಹೊತ್ತಿಗೆ ಒಂದು ಕೋರಿಕೆ ಮುಗಿಯಲು ಐದು ತಿಂಗಳಾಗುತ್ತಿತ್ತು, ವಿಭಾಗದಲ್ಲೇ ಅದಕ್ಕೆ ತೀರಾ ಕೆಟ್ಟ ಹೆಸರು. ಮುಂದೆ ಈ ಪಂಥದ ಮುಖ್ಯ ಹೆಸರಾದ ಡೇವಿಡ್ ಆ್ಯಂಡರ್ಸನ್ ನೆರವಿನಿಂದ ಒಳಗೆ ಇಣುಕಿದಾಗ ಸಿಕ್ಕಿದ್ದು ಯಾರೂ ಶಂಕಿಸದ ಕಳ್ಳ: ಅಂದಾಜು. ಹೊಸ ಕೋರಿಕೆ ಬಂದರೆ 48 ಗಂಟೆಯೊಳಗೆ ಎಷ್ಟು ದಿನದ ಕೆಲಸ ಎಂದು ಹೇಳಬೇಕೆಂಬ ನಿಯಮವಿತ್ತು. ತಂಡದ ಶಕ್ತಿಯ ಮೂರನೇ ಒಂದಕ್ಕೂ ಹೆಚ್ಚು ಭಾಗ ಈ ಅಂದಾಜಿಗೇ ಹೋಗುತ್ತಿತ್ತು, ಹಾಗೆ ಅಂದಾಜಿಸಿದ ಎಷ್ಟೋ ಕೆಲಸಗಳನ್ನು ಕೊನೆಗೆ ಯಾರೂ ಮಾಡುತ್ತಲೇ ಇರಲಿಲ್ಲ. ಅಂದಾಜು ನಿಲ್ಲಿಸಿದರು. ಕೈಯಲ್ಲಿ ಇಷ್ಟೇ ಕೆಲಸ ಇರಬೇಕೆಂದು ಮಿತಿ ಹಾಕಿದರು. ಜಾಗ ಖಾಲಿಯಾದಾಗ ಮುಂದೆ ಯಾವುದು ಬರಬೇಕೆಂದು ವಿಭಾಗಗಳ ಪ್ರತಿನಿಧಿಗಳೇ ಕೂತು ಹೇಳುವಂತಾಯಿತು. ಒಂಬತ್ತು ತಿಂಗಳಲ್ಲಿ ಐದು ತಿಂಗಳ ಕಾಯುವಿಕೆ ಸರಾಸರಿ ಎರಡು ವಾರಕ್ಕೆ ಇಳಿಯಿತು. ಕೋಡ್ ಬರೆಯುವ, ಪರೀಕ್ಷಿಸುವ ವಿಧಾನ ಬದಲಾಗಿರಲಿಲ್ಲ. ಸಾಫ್ಟ್‌ವೇರ್ ಲೋಕದಲ್ಲಿ ಇಂದು ‘ಕಾನ್ಬಾನ್’ ಎನ್ನುವ ಪದ್ಧತಿಯ ಬೇರು ಬಹುಮಟ್ಟಿಗೆ ಇಲ್ಲಿದೆ.

ಇಷ್ಟಾದರೂ ಸರದಿಯ ಲೆಕ್ಕ ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವುದು ಎಂದು ಹೇಳುವುದಿಲ್ಲ. ಡೊನಾಲ್ಡ್ ರೈನರ್ಟ್‌ಸನ್ 2009ರ ತಮ್ಮ ಪುಸ್ತಕದಲ್ಲಿ, ತಡವಾದರೆ ಆಗುವ ನಷ್ಟವನ್ನು ರೂಪಾಯಿ ಲೆಕ್ಕದಲ್ಲಿ ಕಟ್ಟಿ ಸರದಿ ನಿರ್ಧರಿಸಿ ಎಂದರು. ಮಾರಾಟದ ಸರಕಿಗೆ ಅದು ಸಾಧ್ಯ. ಡ್ರೈವರ್ ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ ಬೀದಿ ಸುತ್ತುವುದಕ್ಕೆ ದರ ಎಷ್ಟು?

ಬೇಡ ಎನ್ನುವವರು, ಮತ್ತು ಬೇಡ ಎಂದದ್ದರ ಪಾಡು

ಎರಡನೆಯ ಪಂಥಕ್ಕೆ ಸೌಂದರ್ಯಪ್ರಜ್ಞೆ ಇದೆ. ಒಂದು ವ್ಯವಸ್ಥೆ ಒಂದೇ ಮನಸ್ಸಿನಿಂದ ಬಂದಂತೆ ಕಾಣಬೇಕು, ಅದಕ್ಕಾಗಿ ಒಳ್ಳೆಯ ಯೋಚನೆಗಳನ್ನೂ ಕೈಬಿಡಬೇಕಾದರೆ ಬಿಡಬೇಕು ಎಂಬುದು ಬ್ರೂಕ್ಸ್ ನಿಲುವು. ಯುನಿಕ್ಸ್ ರೂಪಿಸಿದ ಬೆಲ್ ಲ್ಯಾಬ್ಸ್‌ನ ಡಗ್ ಮೆಕ್‌ಇಲ್‌ರಾಯ್ 1978ರಲ್ಲಿ, ಒಂದು ಪ್ರೋಗ್ರಾಂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ, ಹೊಸ ಕೆಲಸಕ್ಕೆ ಹೊಸದನ್ನೇ ಕಟ್ಟಿ ಎಂದರು. ಪ್ಯಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ಥ್ 1995ರಲ್ಲಿ ಸಾಫ್ಟ್‌ವೇರ್‌ನ ಬೊಜ್ಜಿನ ಬಗ್ಗೆ ಲೇಖನವನ್ನೇ ಬರೆದರು. ಇತ್ತೀಚಿನ ವರ್ಷಗಳಲ್ಲಿ ಈ ಮಾತನ್ನು ಗಟ್ಟಿದನಿಯಲ್ಲಿ ಆಡಿದ್ದು ಬೇಸ್‌ಕ್ಯಾಂಪ್ ತಯಾರಕರಾದ 37ಸಿಗ್ನಲ್ಸ್. ಆಗ ಅಲ್ಲಿದ್ದ ರಯಾನ್ ಸಿಂಗರ್ 2019ರ ‘ಶೇಪ್ ಅಪ್’ ಪುಸ್ತಕದಲ್ಲಿ ವಿವರಿಸುವ ಪದ್ಧತಿಯಲ್ಲಿ ಬ್ಯಾಕ್‌ಲಾಗ್ ಎಂಬುದೇ ಇಲ್ಲ. ಆರು ವಾರದ ಪ್ರತಿ ಸುತ್ತಿಗೂ ಮುನ್ನ ಕೂತು ಆ ಸುತ್ತಿನಲ್ಲಿ ಯಾವುದರ ಮೇಲೆ ಪಣ ಕಟ್ಟುವುದೆಂದು ತೀರ್ಮಾನಿಸುತ್ತಾರೆ. ಆಯ್ಕೆಯಾಗದ್ದನ್ನು ಎಲ್ಲರಿಗೂ ಸೇರಿದ ಯಾವ ಪಟ್ಟಿಯೂ ನೆನಪಿಟ್ಟುಕೊಳ್ಳುವುದಿಲ್ಲ. ನಿಜಕ್ಕೂ ಬೇಕಾದದ್ದಾದರೆ ಕೇಳುವವರು ಮತ್ತೆ ಬರುತ್ತಾರೆ ಎಂಬ ಧೈರ್ಯ.

ಈ ಪಂಥದವರ ಮೆಚ್ಚಿನ ಅಂಕಿಯೊಂದಿದೆ: ಸಾಫ್ಟ್‌ವೇರ್‌ನ ಶೇ. 45ರಷ್ಟು ಸೌಲಭ್ಯಗಳನ್ನು ಯಾರೂ ಎಂದೂ ಬಳಸುವುದಿಲ್ಲ. ಸ್ಟ್ಯಾಂಡಿಶ್ ಗ್ರೂಪ್‌ನ ಜಿಮ್ ಜಾನ್ಸನ್ 2002ರ ಸಮ್ಮೇಳನವೊಂದರಲ್ಲಿ ಹೇಳಿದ್ದು. ಇದು ನಿಂತಿರುವುದು ಕೇವಲ ನಾಲ್ಕು ಒಳ ಅಪ್ಲಿಕೇಷನ್‌ಗಳ ಮೇಲೆ ಎಂಬುದನ್ನು ಉಲ್ಲೇಖಿಸುವವರು ನುಂಗಿಬಿಡುತ್ತಾರೆ. ಇದಕ್ಕೆ ಹಿಂದಿನ ವರ್ಷವೇ ಜೋಯೆಲ್ ಸ್ಪೋಲ್‌ಸ್ಕಿ ಎದುರೇಟು ಹಾಕಿದ್ದರು. ಶೇ. 80 ಜನ ಶೇ. 20 ಸೌಲಭ್ಯಗಳನ್ನಷ್ಟೇ ಬಳಸುತ್ತಾರೆ ಎಂಬುದು ನಿಜವಿರಬಹುದು, ಆದರೆ ಒಬ್ಬೊಬ್ಬರ ಶೇ. 20 ಬೇರೆ ಬೇರೆ. ನನಗೆ ಈ ಎದುರುಮಾತು ಹೆಚ್ಚು ಒಪ್ಪಿಗೆಯಾಗುತ್ತದೆ. ಒಳಬಳಕೆಯ ಟೂಲ್‌ನಲ್ಲಿ ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಇಬ್ಬರು ಮಾತ್ರ ಒತ್ತುವ ಗುಂಡಿಯೇ ಆಡಿಟ್ ದಿನದ ಜೀವಾಳವಾಗಿರಬಹುದು.

ಬೇಡ ಎನ್ನುವವರ ನಿಜವಾದ ಬಲ ಬೇರೆಡೆ ಇದೆ. ಸೇರಿಸಿದ್ದನ್ನು ಯಾರೂ ತೆಗೆಯುವುದಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆ ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. 2003ರಲ್ಲೇ ಬಳಕೆ ನಿಂತಿದ್ದ ‘ಪವರ್ ಪೆಗ್’ ಎಂಬ ಸೌಲಭ್ಯದ ಕೋಡ್ ಅದರ ಒಳ ವ್ಯವಸ್ಥೆಯಲ್ಲಿ ಹಾಗೇ ಬಿದ್ದಿತ್ತು. ಅದನ್ನು ಚಾಲೂ ಮಾಡುತ್ತಿದ್ದ ಹಳೆಯ ಗುರುತನ್ನೇ ಹೊಸ ಸೌಲಭ್ಯಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಲೇ ಇಲ್ಲ, ಅಲ್ಲಿ ಪವರ್ ಪೆಗ್ ಎದ್ದು ಕೂತಿತು. ಎಂದೋ ಯಾರೋ ಕೇಳಿ ಮಾಡಿಸಿಕೊಂಡ ಸೌಲಭ್ಯದ ಬಾಡಿಗೆ ಹೀಗೂ ಬರುತ್ತದೆ.

ಇನ್ನು ನಮ್ಮ ಪ್ರಶ್ನೆ: ಬೇಡ ಎಂದದ್ದು ಎಲ್ಲಿಗೆ ಹೋಯಿತು? ಬಹುಪಾಲು ಎಕ್ಸೆಲ್‌ಗೆ. 2012ರಲ್ಲೇ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರ್‌ಗೂ ಮಿಕ್ಕಿ ನಷ್ಟವಾದಾಗ ಬ್ಯಾಂಕಿನ ಆಂತರಿಕ ತನಿಖೆ ಒಂದು ಸಂಗತಿಯನ್ನು ಬಯಲು ಮಾಡಿತು. ಅಪಾಯ ಅಳೆಯುವ ಮಾದರಿ ಓಡುತ್ತಿದ್ದದ್ದು ಕೈಯಾರೆ ಕಾಪಿ-ಪೇಸ್ಟ್ ಮಾಡುವ ಸ್ಪ್ರೆಡ್‌ಶೀಟ್‌ಗಳ ಸರಣಿಯ ಮೇಲೆ, ಒಂದು ಸೂತ್ರದಲ್ಲಿ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಲಾಗಿತ್ತು. ನಷ್ಟಕ್ಕೆ ಅದೊಂದೇ ಕಾರಣವಲ್ಲ, ಆದರೆ ಅಪಾಯ ಕಡಿಮೆ ಎಂದು ತೋರಿಸಿದ್ದು ಅದು. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಹಳೆಯ ಎಕ್ಸೆಲ್ ಮಾದರಿಯ ಫೈಲಿಗೆ ತುಂಬುತ್ತಿದ್ದರು, ಅದರಲ್ಲಿ 65,536 ಸಾಲಿನಿಂದಾಚೆಗೆ ಜಾಗವಿಲ್ಲ. ಇಲ್ಲಿ ಯಾವ ತಂಡವೂ ಯಾರಿಗೂ ಬೇಡ ಎಂದಿರಲಿಲ್ಲ ಎನ್ನಬಹುದು. ಎರಡು ವ್ಯವಸ್ಥೆಗಳ ನಡುವೆ ಯಾರೂ ಹೊಣೆ ಹೊರದ ಸಂದಿಯಲ್ಲಿ ಏನು ಬೆಳೆಯುತ್ತದೆ ಎಂಬುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬೇಕಾದವರೇ ಮಾಡಿಕೊಳ್ಳಲಿ

ಹಾಗಾದರೆ ಆ ಸಂದಿಯನ್ನೇ ಅಧಿಕೃತ ಮಾಡಿದರೆ? ಎಂಐಟಿಯ ಎರಿಕ್ ವಾನ್ ಹಿಪೆಲ್ 1980ರ ದಶಕದಿಂದ ಹೇಳುತ್ತ ಬಂದಿರುವುದು ಇದನ್ನೇ. ಅಗತ್ಯದ ಸೂಕ್ಷ್ಮ ಬಳಸುವವನ ಹತ್ತಿರ ಅಂಟಿಕೊಂಡಿರುತ್ತದೆ, ಅದನ್ನು ಕಿತ್ತು ತಯಾರಕನಿಗೆ ದಾಟಿಸುವುದು ದುಬಾರಿ. ಬಳಸುವವನ ಕೈಗೇ ಉಪಕರಣ ಕೊಡುವುದು ಅಗ್ಗ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಹಳೆಯ ಪರಂಪರೆಯಿದೆ. 1976ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಈಮ್ಯಾಕ್ಸ್ ಎಡಿಟರ್ ಬಾಳಿದ್ದೇ ಬಳಕೆದಾರರು ಅದನ್ನು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡದ್ದರಿಂದ. ಮುಂಬೈಯ ಇಆರ್‌ಪಿನೆಕ್ಸ್ಟ್‌ನಲ್ಲಿ ಮೂಲ ಕೋಡ್ ಮುಟ್ಟದೆ ‘ಕಸ್ಟಮ್ ಫೀಲ್ಡ್’ ಸೇರಿಸಬಹುದು. ನಮ್ಮ ಲ್ಯಾಂಡ್‌ಮಾರ್ಕ್ ಅಲ್ಲಾಗಿದ್ದರೆ ಟಿಕೆಟ್ಟೇ ಇಲ್ಲದೆ ಮುಗಿಯುತ್ತಿತ್ತು.

ಮುಗಿಯುತ್ತಿತ್ತೇ? ಪರದೆಯ ಮೇಲೆ ಕಾಲಂ ಬರುತ್ತಿತ್ತು. ಏಜೆನ್ಸಿಯ ಫೈಲ್, ಪಿಡಿಎಫ್‌ನ ಒತ್ತಕ್ಷರ, ಯಾರು ನೋಡಬಹುದು ಎಂಬ ಕಟ್ಟುಪಾಡು ಹಾಗೇ ಉಳಿಯುತ್ತಿದ್ದವು. ಇದೇ ಕೋರಿಕೆ ನಾಲ್ಕು ಶಾಖೆಗಳಿಂದ ಬಂದಿದ್ದರೆ ‘ಲ್ಯಾಂಡ್‌ಮಾರ್ಕ್’, ‘ಲ್ಯಾಂಡ್ ಮಾರ್ಕ್’, ‘ಮನೆ ಗುರುತು’, ‘ನಿಯರ್’ ಎಂದು ನಾಲ್ಕು ಕಾಲಂ ಹುಟ್ಟಿರುತ್ತಿದ್ದವು. ಟಿಕೆಟ್‌ಗಳ ಲೆಕ್ಕ ಇಡುವ ಜಿರಾ ಬಳಸುವ ದೊಡ್ಡ ಕಂಪನಿಗಳಲ್ಲಿ ಕಸ್ಟಮ್ ಫೀಲ್ಡ್‌ಗಳು ಹೆಚ್ಚಿ ಇಡೀ ವ್ಯವಸ್ಥೆ ನಿಧಾನವಾಗುವುದು ಎಷ್ಟು ಸಾಮಾನ್ಯವೆಂದರೆ, ತಯಾರಕರೇ ಅವನ್ನು ಹತೋಟಿಯಲ್ಲಿಡಿ ಎಂದು ಸೂಚನೆ ಕೊಡುತ್ತಾರೆ. ಎಲ್ಲವನ್ನೂ ಸೆಟ್ಟಿಂಗ್‌ಗೆ ಬಿಟ್ಟುಕೊಡುತ್ತ ಹೋದರೆ ಸೆಟ್ಟಿಂಗ್ ಪುಟವೇ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾಗುತ್ತದೆ, ಅದೂ ಟೆಸ್ಟ್ ಮಾಡಲಾಗದ ಕಳಪೆ ಭಾಷೆ. ಕಸಬಿನವರು ಇದನ್ನು ‘ಇನ್ನರ್ ಪ್ಲಾಟ್‌ಫಾರ್ಮ್ ಎಫೆಕ್ಟ್’ ಎಂದು ಗೇಲಿ ಮಾಡುತ್ತಾರೆ.

ಇದೇ ಪಂಥದ ಇನ್ನೊಂದು ಕವಲು ಇನ್ನರ್‌ಸೋರ್ಸ್. 2000ದಲ್ಲಿ ಟಿಮ್ ಓ’ರೈಲಿ ಹೆಸರಿಟ್ಟದ್ದು, ಪೇಪಾಲ್‌ನಂಥ ಕಂಪನಿಗಳು ಬೆಳೆಸಿದ್ದು. ಸೌಲಭ್ಯ ಬೇಕಾದ ವಿಭಾಗ ತಾನೇ ಕೋಡ್ ಬರೆದು ತರಲಿ, ಮೂಲ ತಂಡ ಪರಿಶೀಲಿಸಿ ಸೇರಿಸಿಕೊಳ್ಳಲಿ. ಡೆವಲಪರ್‌ಗಳೇ ಬಳಸುವ ಟೂಲ್‌ಗೆ ಇದು ಸೊಗಸು. ಕ್ಯಾಬ್ ಡೆಸ್ಕ್‌ನವರು ಹಾಗೆ ಕೋಡ್ ಬರೆದು ಪುಲ್ ರಿಕ್ವೆಸ್ಟ್ ಕಳಿಸುವ ದಿನ ಮಾತ್ರ ಇನ್ನೂ ಬಂದಿಲ್ಲ. ಪರಿಶೀಲನೆಯೂ ಬಿಟ್ಟಿ ಕೆಲಸವಲ್ಲ, ನಾಲ್ಕು ಜನರ ತಂಡದಲ್ಲಿ ಅದಕ್ಕೇ ಒಬ್ಬರು ಮೀಸಲಾಗುತ್ತಾರೆ. ಮ್ಯಾಥ್ಯೂ ಸ್ಕೆಲ್ಟನ್, ಮ್ಯಾನುಯೆಲ್ ಪೈಸ್ 2019ರ ‘ಟೀಮ್ ಟೊಪಾಲಜೀಸ್’ನಲ್ಲಿ ನಡುದಾರಿ ತೋರಿಸಿದರು: ಒಳ ತಂಡ ತನ್ನ ಟೂಲನ್ನು ಸರಕಿನಂತೆಯೇ ಕಾಣಲಿ, ಕೆಲಸ ಸಾಗುವಷ್ಟು ತೆಳ್ಳಗಿರಲಿ, ಬಳಸುವವರು ಟಿಕೆಟ್ ಹಾಕದೆ ತಾವೇ ಮುಗಿಸಿಕೊಳ್ಳುವಂತಿರಲಿ. ನೆಟ್‌ಫ್ಲಿಕ್ಸ್, ಸ್ಪಾಟಿಫೈ ಮೊದಲಾದವರು ಹೇಳುವ ‘ಸಿದ್ಧ ಹಾದಿ’ಯೂ ಇದೇ ಧಾಟಿಯದು. ಹಾದಿಯಲ್ಲಿ ಬಂದರೆ ನಾವು ಜೊತೆಗಿದ್ದೇವೆ, ಬಿಟ್ಟು ಹೋದರೆ ನಿಮ್ಮ ಹೊಣೆ ನಿಮ್ಮದು. ಕೆಲಸ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಕೊಡುವುದು ಇದೊಂದೇ, ಅಷ್ಟರಮಟ್ಟಿಗೆ ನನ್ನ ಒಲವು ಇದರ ಕಡೆ.

ಕಂಪನಿಯೇ ಬದಲಾಗಲಿ

ನಾಲ್ಕನೆಯ ಪಂಥದ ವಾದ ಇದು: ಟೂಲನ್ನು ಕಂಪನಿಗೆ ಹೊಂದಿಸುವ ಬದಲು ಕಂಪನಿಯೇ ಟೂಲ್‌ಗೆ ಹೊಂದಿಕೊಳ್ಳಲಿ. ಕಂಪನಿಗಳ ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರ್ ಬಲ್ಲವರಿಗೆ ಝಡ್ ಪ್ರೋಗ್ರಾಂ ಗೊತ್ತು. ಸ್ಯಾಪ್‌ನ ಮೂಲ ಕೋಡಿನಿಂದ ಬೇರೆಯಾಗಿ ಕಾಣಲೆಂದು ಗಿರಾಕಿ ಕಂಪನಿಯೊಳಗೆ ಬರೆದುಕೊಂಡ ಪ್ರೋಗ್ರಾಂಗಳ ಹೆಸರು ಝಡ್ ಅಥವಾ ವೈ ಅಕ್ಷರದಿಂದ ಶುರುವಾಗಬೇಕು. ಬೆಂಗಳೂರಿನ ಎಷ್ಟೋ ಕನ್ಸಲ್ಟೆಂಟ್‌ಗಳ ಮನೆಯ ಗೃಹಪ್ರವೇಶ ಆಗಿರುವುದು ಈ ಝಡ್ ದುಡಿಮೆಯಿಂದಲೇ. ಇಪ್ಪತ್ತು ವರ್ಷ ಹೀಗೆ ಸೇರಿಸುತ್ತ ಬಂದ ಕಂಪನಿಗಳು 2015ರಲ್ಲಿ ಬಂದ ಹೊಸ ಆವೃತ್ತಿ ಎಸ್/4ಹಾನಾಗೆ ದಾಟಬೇಕೆಂದಾಗ ಕಾಲಿಗೆ ತೊಡರಿದ್ದೂ ಅವೇ. ಈಗ ಸ್ಯಾಪ್‌ನ ಮಂತ್ರ ‘ಕ್ಲೀನ್ ಕೋರ್’: ಒಳಗಿನ ತಿರುಳನ್ನು ಮುಟ್ಟಬೇಡಿ, ಏನಿದ್ದರೂ ಹೊರಗೆ ಕಟ್ಟಿಕೊಳ್ಳಿ.

ಈ ವಾದಕ್ಕೆ ಸಾಕ್ಷಿಯಾಗಿ ಎಲ್ಲರೂ ಕರೆಯುವುದು ಜರ್ಮನಿಯ ಲಿಡ್ಲ್ ಅಂಗಡಿ ಸರಪಳಿಯನ್ನು. ಏಳು ವರ್ಷದ ಸ್ಯಾಪ್ ಯೋಜನೆಯನ್ನು ಅದು 2018ರಲ್ಲಿ ಕೈಬಿಟ್ಟಾಗ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಎಂದು ಪತ್ರಿಕೆಗಳು ಬರೆದವು. ಸ್ಯಾಪ್‌ನ ರೂಢಿಯ ವ್ಯವಸ್ಥೆ ದಾಸ್ತಾನಿನ ಬೆಲೆಯನ್ನು ಮಾರುವ ದರದಲ್ಲಿ ಕಟ್ಟುತ್ತದೆ, ಲಿಡ್ಲ್ ಕೊಂಡ ದರದಲ್ಲಿ ಕಟ್ಟುವ ತನ್ನ ಪದ್ಧತಿ ಬಿಡಲೊಪ್ಪಲಿಲ್ಲ. ಹೊಂದಿಸಲು ಹೋಗಿ ಎಲ್ಲ ಜಟಿಲವಾಯಿತು. ಇದರಿಂದ ಕಲಿಯಬೇಕಾದದ್ದು ಕಂಪನಿ ಬಾಗಬೇಕಿತ್ತು ಎಂದೇ ಎಂಬುದರಲ್ಲಿ ನನಗೆ ಸಂಶಯವಿದೆ. ಥಾಮಸ್ ಡೇವನ್‌ಪೋರ್ಟ್ 1998ರಲ್ಲೇ ಎಚ್ಚರಿಸಿದ್ದರು: ಎಲ್ಲರೂ ಒಂದೇ ಅಚ್ಚಿನ ವ್ಯವಸ್ಥೆಗೆ ಹೊಂದಿಕೊಂಡರೆ ಒಂದು ಕಂಪನಿಯನ್ನು ಇನ್ನೊಂದರಿಂದ ಬೇರೆಯಾಗಿಸುವ ಪದ್ಧತಿಗಳೇ ಅಳಿಸಿಹೋಗಬಹುದು. ಕ್ಯಾಬ್ ಪಟ್ಟಿಗೆ ಈ ಭಯ ಬೇಕಿಲ್ಲ. ಬೆಲೆ ಕಟ್ಟುವ ಕ್ರಮವೇ ವ್ಯಾಪಾರದ ಗುಟ್ಟಾಗಿದ್ದರೆ ಬೇಕು.

ದುಡ್ಡು, ಪಂಚಾಯ್ತಿ, ಸಾಹೇಬರ ಫೋನು

ಕೇಳುವುದಕ್ಕೆ ಖರ್ಚಿಲ್ಲ ಎಂಬುದೇ ರೋಗವಾದರೆ ಖರ್ಚು ಹಾಕಿ ಎಂದವರು 1970ರ ದಶಕದಲ್ಲೇ ಇದ್ದರು. ವಿಭಾಗಗಳಿಗೆ ಕಂಪ್ಯೂಟರ್ ಸೇವೆಯ ಬಿಲ್ ಹಾಕುವ ‘ಚಾರ್ಜ್‌ಬ್ಯಾಕ್’ ಪದ್ಧತಿಯನ್ನು ರಿಚರ್ಡ್ ನೋಲನ್ ಆಗಲೇ ವಿವರವಾಗಿ ಚರ್ಚಿಸಿದ್ದರು. ಇದರ ತೊಂದರೆ ಊಹಿಸುವುದು ಕಷ್ಟವಲ್ಲ. ಬಜೆಟ್ ಇರುವ ಸೇಲ್ಸ್‌ನವರ ಅಲಂಕಾರಕ್ಕೆ ಮೊದಲ ಮಣೆ, ಬಜೆಟ್ ಇಲ್ಲದ ಟ್ರಾನ್ಸ್‌ಪೋರ್ಟ್‌ನವರ ಅಗತ್ಯಕ್ಕೆ ಕೊನೆಯ ಸಾಲು.

ಬಿಲ್ ಒಂದೇ ದಾರಿಯಲ್ಲ. ಎಲಿನೋರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ, ಸಮುದಾಯಗಳು ಹಂಚಿಕೆಯ ಸೊತ್ತನ್ನು ಬೆಲೆಯೂ ಇಲ್ಲದೆ ಸರ್ಕಾರದ ದೊಣ್ಣೆಯೂ ಇಲ್ಲದೆ ತಲೆತಲಾಂತರ ಕಾಪಾಡಿಕೊಂಡ ಬಗೆಯನ್ನು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕೋಲಾರದ ಕಡೆಯ ಕೆರೆಗಳ ನೀರುಗಂಟಿ ಈ ಮಾತಿಗೆ ಹೇಳಿಮಾಡಿಸಿದಂತಿದ್ದಾನೆ. ತೂಬು ಎತ್ತುವವನು ಅವನು, ಆದರೆ ಯಾರ ಗದ್ದೆಗೆ ಎಷ್ಟು ಎಂಬ ಕಟ್ಟಳೆ ಊರಿನದು. ನೀರು ಕಮ್ಮಿಯಾದ ವರ್ಷ ಗೌಡರ ಗದ್ದೆಗೂ ಕಮ್ಮಿ ಬಿಡುವ ಧೈರ್ಯ ಅವನಿಗೆ ಬರುವುದು ಆ ಕಟ್ಟಳೆಯಿಂದ. ಹೈದರಾಬಾದಿನ ತಂಡಕ್ಕೂ ಪ್ರತಿನಿಧಿಗಳ ಸಭೆ ಇಂಥದೊಂದು ಕಟ್ಟಳೆಯನ್ನೇ ಒದಗಿಸಿತ್ತು. ಯಾವುದಕ್ಕೆ ಜಾಗ ಎಂದು ಬಳಸುವವರೇ ಒಬ್ಬರಿಗೊಬ್ಬರು ವಿವರಿಸಬೇಕಾದಾಗ ತಂಡ ಬೈಸಿಕೊಳ್ಳುವುದು ತಪ್ಪುತ್ತದೆ.

ಬಂದ ಕ್ರಮದಲ್ಲೇ ಮಾಡುವುದು ಇನ್ನೊಂದು ಬಗೆಯ ಕಟ್ಟಳೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಸಾಫ್ಟ್‌ವೇರ್‌ನಲ್ಲೇ ಬಿಗಿದದ್ದು ಲಂಚಕ್ಕೆ ಕಡಿವಾಣ ಹಾಕಲೆಂದೇ. ಒಂದೇ ಬಗೆಯ ಅರ್ಜಿಗಳಿಗೆ ಅದು ನ್ಯಾಯ. ಟೂಲ್‌ನ ಕೋರಿಕೆಗಳಲ್ಲಿ ಒಂದು ಗುಂಡಿಯ ಬಣ್ಣದ್ದಾಗಿರುತ್ತದೆ, ಇನ್ನೊಂದು ಸಂಬಳದ ತಪ್ಪಿನದು. ಅಲ್ಲಿ ಸರದಿ ಹಿಡಿದು ಕೂತರೆ ಅನ್ಯಾಯ.

ಇಷ್ಟೆಲ್ಲ ಏರ್ಪಾಟಾದ ಮೇಲೂ ಸಾಹೇಬರ ಫೋನು ಬರುತ್ತದೆ. ಟೀ ಮೆಷಿನ್ ಹತ್ತಿರ ಹೆಗಲ ಮೇಲೆ ಕೈಹಾಕಿ “ಇದೊಂದು ನೋಡ್ಕೊಂಡ್ಬಿಡಪ್ಪ” ಎನ್ನುವ ಕೋರಿಕೆಗೆ ಟಿಕೆಟ್ ಸಂಖ್ಯೆಯೇ ಇರುವುದಿಲ್ಲ. ಪುಸ್ತಕಗಳಲ್ಲಿ ಇದರ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಬಡ್ತಿಯ ಚೀಟಿ ಕೇಳುವವನ ಕೈಯಲ್ಲಿರುವಾಗ ಆಗುವುದಿಲ್ಲ ಎನ್ನುವುದು ಹೇಗೆಂದು ಯಾವ ಪಂಥವೂ ಹೇಳಿಕೊಟ್ಟಿಲ್ಲ.

ಬಗೆಹರಿಯದೆ ಉಳಿದದ್ದು

ನಿರಾಕರಣೆಯ ಬೆಲೆಯನ್ನು ಯಾರೂ ಅಳೆದಿಲ್ಲ ಎಂಬುದು ಇಡೀ ಚರ್ಚೆಯ ದೊಡ್ಡ ಕೊರತೆ. ಮಾಡಿದ ಕೆಲಸಕ್ಕೆ ಟಿಕೆಟ್ ಇದೆ, ಗಂಟೆಯ ಲೆಕ್ಕ ಇದೆ. ಮಾಡದೆ ಬಿಟ್ಟದ್ದರಿಂದ ಹನ್ನೆರಡು ಜನ ದಿನವೂ ಎಕ್ಸೆಲ್‌ನಲ್ಲಿ ತಿದ್ದುವ ಹೊತ್ತು ಯಾವ ವರದಿಯಲ್ಲೂ ಬರುವುದಿಲ್ಲ. ಕಾಯುವ ಸಮಯ ಐದು ತಿಂಗಳಿಂದ ಎರಡು ವಾರಕ್ಕಿಳಿದದ್ದು ಕೆಲಸ ಬೇಗ ಆಗಿದ್ದರಿಂದಲೋ, ಎಷ್ಟೋ ಜನ ಕೇಳುವುದನ್ನೇ ಬಿಟ್ಟದ್ದರಿಂದಲೋ ಎಂದು ಯಾವುದೇ ತಂಡದ ಕಾನ್ಬಾನ್ ಬೋರ್ಡನ್ನು ಹೊರಗಿನಿಂದ ನೋಡಿ ಹೇಳಲಾಗದು.

ತೆಗೆದುಹಾಕುವ ಶಾಸ್ತ್ರವೂ ಬೆಳೆದಿಲ್ಲ. ಸೇರಿಸುವುದಕ್ಕೆ ಹತ್ತು ಪದ್ಧತಿಗಳಿವೆ, ಕಳೆಯುವುದಕ್ಕೆ ಒಂದೂ ಗಟ್ಟಿಯಾಗಿಲ್ಲ. ವರ್ಷಕ್ಕಿಷ್ಟು ಸೌಲಭ್ಯ ತೆಗೆಯಲೇಬೇಕೆಂದು ನಿಯಮ ಮಾಡಬಹುದೇ? ಮಾರ್ಚ್ ತಿಂಗಳ ಆ ಗುಂಡಿಯನ್ನು ಅದರಿಂದ ಯಾರು ಕಾಪಾಡುತ್ತಾರೆ? ಜೊತೆಗೆ, ಇಲ್ಲಿ ಹೇಳಿದ ಸಿದ್ಧಾಂತಗಳಲ್ಲಿ ಅನೇಕವು ನೂರಾರು ಇಂಜಿನಿಯರ್‌ಗಳ ಕಂಪನಿಗಳಿಂದ ಬಂದವು. ನಾಲ್ಕು ಜನರಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೆ, ಇನ್ನೊಬ್ಬರು ಕೆಲಸ ಬಿಟ್ಟರೆ, ಯಾವ ಬೋರ್ಡಿನ ಮಿತಿಯೂ ಅರ್ಥ ಕಳೆದುಕೊಳ್ಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಉದ್ಯೋಗಿಗಳ ವಿವರ ಇರುವ ಅನಧಿಕೃತ ಶೀಟುಗಳಿಗೆ ಕಂಪನಿ ಎಷ್ಟು ಹೊಣೆ ಎಂಬ ಪ್ರಶ್ನೆಯೂ ಹೊಸದಾಗಿ ಸೇರಿಕೊಂಡಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಬುಡ ಅಲುಗಾಡಿಸುತ್ತಿರುವುದು ಕೋಡ್ ಬರೆಯುವ ಎಐ. ಮೇಲಿನ ಎಲ್ಲ ವಾದಗಳ ಕೆಳಗೂ ಕೋಡ್ ಬರೆಯುವ ಕೈಗಳು ಕಡಿಮೆ ಎಂಬ ಗ್ರಹಿಕೆ ಇತ್ತು. ಬರೆಯುವುದು ಅಗ್ಗವಾದರೆ ಬ್ರೂಕ್ಸ್‌ರ ಒಂಬತ್ತು ಪಾಲಿನಲ್ಲಿ ಯಾವ ಪಾಲು ಕಡಿಮೆಯಾಗುತ್ತದೆ? ಮೊದಲ ಪಾಲು ಖಂಡಿತ. ಉಳಿದ ಎಂಟರ ಬಗ್ಗೆ ಭರವಸೆಯೂ ಅನುಮಾನವೂ ಸಮನಾಗಿ ಕೇಳಿಬರುತ್ತಿವೆ. ಅಕೌಂಟ್ಸ್ ವಿಭಾಗದ ಒಬ್ಬರು ಶನಿವಾರ ಎಐ ನೆರವಿನಿಂದ ಕಟ್ಟಿಕೊಂಡ ಪುಟ್ಟ ಟೂಲನ್ನು ಸೋಮವಾರದಿಂದ ನಲವತ್ತು ಜನ ಬಳಸತೊಡಗಿದರೆ ಯಾವ ತಂಡವೂ ತಡೆಯಲಾರದು. ಕಟ್ಟಿದವರು ಕಂಪನಿ ಬಿಟ್ಟ ಮೇಲೆ ಅದು ತಿಂಗಳ ಕೊನೆಯ ದಿನ ಕೈಕೊಟ್ಟರೆ, ಟಿಕೆಟ್ ಯಾರ ಹೆಸರಿಗೆ ಬೀಳಬೇಕು ಎಂಬುದಕ್ಕೆ ಸದ್ಯಕ್ಕೆ ಯಾರ ಹತ್ತಿರವೂ ನಿಯಮವಿಲ್ಲ.